ಒಂಟಿಯಾಗಿ ಸಿಕ್ಕ ಮಗು ಮನೆ ಸೇರುವವರೆಗೆ

ರೈಲು ನಿಲ್ದಾಣದಲ್ಲೋ ಬಸ್ ನಿಲ್ದಾಣದಲ್ಲೋ ಒಂಟಿ ಮಗು ಕಂಡರೆ ಯಾರಿಗಾದರೂ ಮೊದಲು ಬಾಯಿಗೆ ಬರುವುದು ‘ಯಾರ ಮಗು ಇದು, ಮನೆ ಎಲ್ಲಿ?’ ಎಂಬ ಮಾತು. ಮಕ್ಕಳ ರಕ್ಷಣೆಯ ಕೆಲಸದಲ್ಲಿರುವ ನಾವು ಅದರ ಜೊತೆಗೇ ಇನ್ನೊಂದನ್ನು ಕೇಳಿಕೊಳ್ಳಬೇಕು: ಆ ಮನೆಯನ್ನು ಇದು ಬಿಟ್ಟದ್ದು ಯಾಕೆ? ವಿಳಾಸ ಸಿಕ್ಕಿತು, ತಂದೆ ತಾಯಿ ಬಂದರು, ಮುಚ್ಚಳಿಕೆ ಬರೆದುಕೊಟ್ಟು ಕರೆದುಕೊಂಡು ಹೋದರು ಎಂದು ಕಡತ ಮುಚ್ಚಿದ ಮಕ್ಕಳಲ್ಲಿ ಕೆಲವರು ತಿಂಗಳೊಪ್ಪತ್ತಿನಲ್ಲಿ ಅದೇ ಪ್ಲಾಟ್‌ಫಾರ್ಮಿನಲ್ಲಿ ಮತ್ತೆ ಸಿಗುತ್ತಾರೆ. ಎರಡನೆಯ ಪ್ರಶ್ನೆಯನ್ನು ಯಾರೂ ಕೇಳದೇ ಇದ್ದದ್ದೇ ಅದಕ್ಕೆ ಹೆಚ್ಚಿನ ಸಲ ಕಾರಣ. ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015 ಈ ಇಡೀ ದಾರಿಗೆ ಹಂತಗಳನ್ನೂ ಗಡುವುಗಳನ್ನೂ ಹಾಕಿಕೊಟ್ಟಿದೆ. ಆ ಹಂತಗಳಲ್ಲಿ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ಕೆಡುತ್ತದೆ ಎಂಬುದನ್ನು ಬರೆಯುತ್ತಿದ್ದೇವೆ.

ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಗುವನ್ನು, ಇಂಥ ಮಕ್ಕಳ ವಿಷಯ ತೀರ್ಮಾನಿಸುವ ಐವರ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಪೊಲೀಸರೇ ಕರೆತರಬೇಕೆಂದಿಲ್ಲ. ಮಕ್ಕಳ ಸಹಾಯವಾಣಿ 1098ರ ಸಿಬ್ಬಂದಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು, ಕಾರ್ಮಿಕ ನಿರೀಕ್ಷಕರು, ಆಸ್ಪತ್ರೆಯ ವೈದ್ಯರು, ನರ್ಸ್, ಸಮಾಜ ಕಾರ್ಯಕರ್ತರು, ದಾರಿಯಲ್ಲಿ ಕಂಡ ಸಾಮಾನ್ಯ ನಾಗರಿಕರು, ಯಾರು ಬೇಕಾದರೂ ಕರೆತರಬಹುದು. ಮಗು ತಾನೇ ಬಂದು ನಿಂತರೂ ಸಮಿತಿ ಕೇಳಿಸಿಕೊಳ್ಳಬೇಕು. ರಾತ್ರಿಯಾಗಿದೆ, ಭಾನುವಾರ, ಸಮಿತಿ ಕೂತಿಲ್ಲ ಎಂಬುದು ನೆವವಾಗುವುದಿಲ್ಲ. ಸಮಿತಿ ಕೂತಿಲ್ಲದ ಹೊತ್ತಿನಲ್ಲಿ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಿ, ಮಗು ಆ ರಾತ್ರಿ ಎಲ್ಲಿರಬೇಕೆಂಬ ಆದೇಶ ಪಡೆಯಲು ಅವಕಾಶವಿದೆ. ಆದ್ದರಿಂದ ಐವರು ಸದಸ್ಯರ ಫೋನ್ ನಂಬರೂ ಠಾಣೆಯ ಗೋಡೆಯ ಮೇಲೆ, ಸಹಾಯವಾಣಿಯ ಮೇಜಿನ ಮೇಲೆ ಇರಲೇಬೇಕು. ನಂಬರ್ ಇಲ್ಲದ ಕಡೆಯಲ್ಲೇ ‘ಬೆಳಿಗ್ಗೆ ನೋಡೋಣ’ ಎಂದು ಮಗುವನ್ನು ಠಾಣೆಯ ಬೆಂಚಿನ ಮೇಲೆ ಮಲಗಿಸುತ್ತಾರೆ. ಅದು ಆಗಕೂಡದು.

ಮಗು ಕಂಡವರು ಕನಿಕರದಿಂದ ಮಾಡುವ ಎರಡು ಕೆಲಸಗಳು ಮಗುವಿಗೇ ಮುಳ್ಳಾಗುತ್ತವೆ. ಒಂದು, ‘ಪಾಪ, ನಾವೇ ಸಾಕಿಕೊಳ್ಳುತ್ತೇವೆ’ ಎಂದು ಮನೆಗೆ ಕರೆದೊಯ್ಯುವುದು. ಪೋಷಕರಿಂದ ಬೇರೆಯಾದ ಮಗು ಕಂಡರೆ 24 ಗಂಟೆಯೊಳಗೆ 1098ಕ್ಕೋ ಠಾಣೆಗೋ ಸಮಿತಿಗೋ ಜಿಲ್ಲಾ ಘಟಕಕ್ಕೋ ತಿಳಿಸುವುದು 32ನೇ ಸೆಕ್ಷನ್ ಪ್ರಕಾರ ಕರ್ತವ್ಯ. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ದಂಡಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಊರಿನ ಠಾಣೆಯಲ್ಲಿ ಮಗು ಕಾಣೆಯಾಗಿದೆ ಎಂಬ ದೂರು ದಾಖಲಾಗಿರುತ್ತದೆ, ಇಲ್ಲಿ ಮಗು ಸಿಕ್ಕಿದೆ ಎಂಬ ದಾಖಲೆ ಎಲ್ಲೂ ಇರುವುದಿಲ್ಲ. ಹುಡುಕುವವರೂ ಮಗುವೂ ಒಬ್ಬರಿಗೊಬ್ಬರು ಸಿಗುವುದೇ ಇಲ್ಲ. ಇನ್ನೊಂದು, ಮಗುವಿನ ಫೋಟೊ ತೆಗೆದು ‘ದಯವಿಟ್ಟು ಶೇರ್ ಮಾಡಿ’ ಎಂದು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕುವುದು. ಮಗುವಿನ ಗುರುತು ಬಯಲು ಮಾಡುವುದನ್ನು 74ನೇ ಸೆಕ್ಷನ್ ತಡೆಯುತ್ತದೆ. ಇದಕ್ಕೆ ಆರು ತಿಂಗಳವರೆಗೆ ಸೆರೆ, ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಯಾರ ಕೈಯಿಂದ ತಪ್ಪಿಸಿಕೊಂಡು ಬಂದಿದೆಯೋ ಅವರಿಗೇ ಆ ಫೋಟೊ ದಾರಿ ತೋರಿಸಬಹುದು. ಮಗು ಮನೆ ಸೇರಿ ವರ್ಷಗಳಾದ ಮೇಲೂ ಆ ಚಿತ್ರ ಯಾರದೋ ಫೋನಿನಲ್ಲಿ ಸುತ್ತುತ್ತಲೇ ಇರುತ್ತದೆ. ಫೋಟೊ ಬೇಕಾಗುವುದು ನಿಜ. ಅದು ಹೋಗಬೇಕಾದ ಜಾಗ ಪೊಲೀಸರ ಮತ್ತು ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಕಾಣೆಯಾದ ಮಕ್ಕಳ ದಾಖಲೆ.

ಮಗು ನಮ್ಮ ಕೈಗೆ ಬಂದ ಮೊದಲ ಗಂಟೆಯಲ್ಲಿ ಪ್ರಶ್ನೆ ಕೇಳುವುದಿಲ್ಲ. ನೀರು, ಊಟ, ಶೌಚಾಲಯ, ಗಾಯವಿದ್ದರೆ ಔಷಧ. ಹೆಣ್ಣುಮಗುವಾದರೆ ಮಹಿಳಾ ಸಿಬ್ಬಂದಿ ಜೊತೆಗಿರಬೇಕು. ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕೆಂದು ಕಾಯ್ದೆ ಹೇಳುತ್ತದೆ. ಅವರು ಸಾದಾ ಉಡುಪಿನಲ್ಲಿ ಬಂದು ಮಗುವಿನ ಎತ್ತರಕ್ಕೆ ಕೂತು ಮಾತಾಡಿದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಆಮೇಲೆ ನಮೂನೆ 17. ಮಗುವನ್ನು ಸಮಿತಿಗೆ ಹಾಜರುಪಡಿಸುವಾಗ ಕೊಡುವ ವರದಿ ಇದು. ಮುಂದಿನ ಎಲ್ಲ ಕಾಗದಗಳೂ ಇದರ ಮೇಲೇ ನಿಲ್ಲುವುದರಿಂದ ಇಲ್ಲಿ ಬರೆದ ಒಂದೊಂದು ಮಾತಿಗೂ ತೂಕವಿದೆ. ಸಿಕ್ಕ ಜಾಗ ಎಂದು ‘ರೈಲ್ವೆ ಸ್ಟೇಷನ್’ ಅಂತಷ್ಟೇ ಬರೆದರೆ ಸಾಲದು: ಎಷ್ಟನೇ ಪ್ಲಾಟ್‌ಫಾರ್ಮ್, ಎಷ್ಟು ಗಂಟೆ, ಆಗ ಯಾವ ರೈಲು ಬಂದಿತ್ತು, ಜೊತೆಗೆ ಯಾರಾದರೂ ಇದ್ದರೇ, ಮೈಮೇಲೆ ಯಾವ ಬಟ್ಟೆ, ಜೇಬಿನಲ್ಲಿ ಏನಿತ್ತು. ಚೀಟಿ, ಟಿಕೆಟ್, ಕೈಗೆ ಕಟ್ಟಿದ ದಾರ, ಹಚ್ಚೆ, ಗಾಯದ ಕಲೆ ಎಲ್ಲವೂ ಬರಬೇಕು. ಶಾಲೆಯ ಸಮವಸ್ತ್ರದ ಅಂಗಿಯಾಗಿದ್ದರೆ ಜೇಬಿನ ಮೇಲಿನ ಲಾಂಛನವನ್ನು ಬಿಡಿಸಿ ತೋರಿಸುವಷ್ಟು ವಿವರವಾಗಿ ಬರೆಯುತ್ತೇವೆ, ಆ ಅಂಗಿಯನ್ನು ಒಗೆಯಲು ಹಾಕುವ ಮೊದಲೇ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆಯಬೇಕು. ‘ಅಪ್ಪ ಹೊಡೀತಾನೆ, ಅದಕ್ಕೆ ಬಂದೆ’ ಎಂದದ್ದನ್ನು ‘ಪೋಷಕರ ಶಿಸ್ತಿಗೆ ಹೆದರಿ ಮನೆ ಬಿಟ್ಟಿರುತ್ತಾನೆ’ ಎಂದು ತಿದ್ದಿದರೆ ಹೊಡೆತ ಕಡತದಿಂದಲೇ ಮಾಯವಾಗುತ್ತದೆ. ‘ಅಲೆಮಾರಿ’, ‘ಕಳ್ಳಬುದ್ಧಿ’, ‘ಓಡಿಹೋಗುವ ಚಾಳಿ’ ಇಂಥ ಮಾತುಗಳು ಬರಲೇಬಾರದು. ಆರೋಪ ಹೊರಿಸುವ, ಕಳಂಕ ಹಚ್ಚುವ ಮಾತು ಬಳಸಕೂಡದೆಂದು ಕಾಯ್ದೆಯ 3ನೇ ಸೆಕ್ಷನ್ನಿನ ತತ್ವಗಳಲ್ಲೇ ಇದೆ. ಆ ಒಂದು ಪದ ಕಡತದ ಜೊತೆ ಬಾಲಮಂದಿರಕ್ಕೆ ಹೋಗುತ್ತದೆ, ಶಾಲೆಗೆ ಹೋಗುತ್ತದೆ, ಮಗುವಿಗಿಂತ ಮುಂಚೆ ಹೋಗಿ ಕೂತಿರುತ್ತದೆ.

ನಮೂನೆ ಸರಿಯಾಗಿ ತುಂಬಿದ್ದರೆ ಇನ್ನೊಂದು ಲಾಭ: ಮಗು ತನ್ನ ಕಥೆಯನ್ನು ಮತ್ತೆ ಮತ್ತೆ ಹೇಳಬೇಕಾಗುವುದಿಲ್ಲ. ಪೇದೆ, ಸಹಾಯವಾಣಿಯವರು, ಸಮಿತಿ, ಗೃಹಮಾತೆ, ಆಪ್ತಸಮಾಲೋಚಕರು ಎಂದು ಐದು ಕಡೆ ಹೇಳಿಸಿದರೆ ಐದನೆಯವರ ಬಳಿ ಬರುವಷ್ಟರಲ್ಲಿ ಮಗು ಕೇಳುವವರಿಗೆ ಹಿಡಿಸುವ ಉತ್ತರ ಕೊಡಲು ಕಲಿತಿರುತ್ತದೆ. ಆಮೇಲೆ ‘ಈ ಹುಡುಗ ಸುಳ್ಳು ಹೇಳ್ತಾನೆ’ ಎನ್ನುತ್ತೇವೆ.

ಸಮಿತಿಯಲ್ಲಿ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರು, ಅವರಲ್ಲಿ ಕನಿಷ್ಠ ಒಬ್ಬ ಮಹಿಳೆ. ತಿಂಗಳಿಗೆ ಕಡಿಮೆಯೆಂದರೆ 20 ದಿನ ಕೂರಬೇಕು. ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಅಧಿಕಾರವಿದ್ದರೂ ಕೋರ್ಟಿನಂತೆ ಎತ್ತರದ ಪೀಠ, ಕಟಕಟೆ ಇರಬಾರದು. ಮಗು ಕುರ್ಚಿಯಲ್ಲಿ ಕೂರಬೇಕು. ಇದು ಸಣ್ಣ ವಿಷಯವಲ್ಲ; ನಿಂತಿರುವ ಮಗು ಅಪರಾಧಿಯ ಹಾಗೆ ಉತ್ತರಿಸುತ್ತದೆ.

ಮೊದಲ ದಿನ ಸಮಿತಿ ತೀರ್ಮಾನಿಸಬೇಕಾದದ್ದು ವಿಚಾರಣೆ ಮುಗಿಯುವವರೆಗೆ ಮಗು ಎಲ್ಲಿರಬೇಕು ಎಂಬುದಷ್ಟೆ. ಬಾಲಮಂದಿರ ಒಂದೇ ದಾರಿಯಲ್ಲ. ಅಲ್ಪಾವಧಿಗೆ ಇರಿಸಿಕೊಳ್ಳುವ ತೆರೆದ ತಂಗುದಾಣ ಇದೆ, ಮಗುವನ್ನು ನೋಡಿಕೊಳ್ಳಲು ಅರ್ಹ ವ್ಯಕ್ತಿ ಎಂದು ಗುರುತಿಸಿದವರ ಮನೆ ಇದೆ, ಅಪಾಯ ಇಲ್ಲವೆಂದು ಕಂಡರೆ ಪೋಷಕರ ಜೊತೆಯೇ ಇರಿಸಿ ವಿಚಾರಣೆ ನಡೆಸಬಹುದು. ಆರು ವರ್ಷದೊಳಗಿನ ಅನಾಥ ಅಥವಾ ಹೆತ್ತವರು ತೊರೆದುಹೋದಂತೆ ಕಾಣುವ ಮಗುವನ್ನು, ಹತ್ತಿರದಲ್ಲಿದ್ದರೆ, ವಿಶೇಷ ದತ್ತು ಸಂಸ್ಥೆಗೆ ಕಳಿಸಬೇಕು. ಸಂಸ್ಥೆಯಲ್ಲಿ ಇರಿಸುವುದು ಬೇರೆ ದಾರಿ ಇಲ್ಲದಾಗ ಮಾತ್ರ ಎಂಬುದು ಕಾಯ್ದೆಯ ತತ್ವ. ಆದರೂ ಕೈಗೆಟುಕುವುದು ಬಾಲಮಂದಿರವೇ ಆದ್ದರಿಂದ ಆದೇಶದ ಮುದ್ರೆ ಅದಕ್ಕೇ ಬೀಳುತ್ತದೆ. ಅಜ್ಜಿ, ಸೋದರಮಾವ, ಚಿಕ್ಕಮ್ಮ ಯಾರಾದರೂ ಇದ್ದಾರೆಯೇ ಎಂದು ಆ ಮೊದಲ ದಿನವೇ ಕೇಳುವ ಸದಸ್ಯರಿದ್ದರೆ ಎಷ್ಟೋ ಮಕ್ಕಳು ಸಂಸ್ಥೆಯ ಬಾಗಿಲು ನೋಡದೆಯೇ ಬಂಧುಗಳ ಮನೆ ಸೇರುತ್ತಾರೆ.

ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ದಾರಿ ಬೇರೆಯಾಗುತ್ತದೆ. ಪೋಕ್ಸೊ ಕಾಯ್ದೆ, 2012ರ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಪೊಲೀಸರು 24 ಗಂಟೆಯೊಳಗೆ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡಬೇಕು. ಆ ವಿಷಯದಲ್ಲಿ ನಾವು ವಿವರ ಕೆದಕುವುದಿಲ್ಲ. ಮಗು ತಾನಾಗಿ ಹೇಳಿದಷ್ಟನ್ನು ಬರೆದು, ಮುಂದಿನ ಹೇಳಿಕೆಯನ್ನು ಸಮವಸ್ತ್ರವಿಲ್ಲದ ಮಹಿಳಾ ಅಧಿಕಾರಿಗೆ ಬಿಡುತ್ತೇವೆ, ಪ್ರಕರಣದುದ್ದಕ್ಕೂ ಮಗುವಿನ ಜೊತೆಗಿರುವ ಸಹಾಯಕ ವ್ಯಕ್ತಿಯನ್ನು ನೇಮಿಸುವಂತೆ ಸಮಿತಿಯನ್ನು ಕೇಳುತ್ತೇವೆ. ಊಟ, ಬಟ್ಟೆ, ಓಡಾಟದ ತುರ್ತು ಖರ್ಚಿಗೆ ಸಮಿತಿ ಶಿಫಾರಸು ಮಾಡಬಹುದು, ಶಿಫಾರಸು ತಲುಪಿದ ವಾರದೊಳಗೆ ಹಣ ಕೊಡಬೇಕು ಎಂದು 2020ರ ಪೋಕ್ಸೊ ನಿಯಮಗಳಲ್ಲಿದೆ. ಇದನ್ನು ಕೇಳಿ ಪಡೆಯುವವರು ಕಡಿಮೆ.

ವಯಸ್ಸಿನ ತಕರಾರು ಬಂದರೆ 94ನೇ ಸೆಕ್ಷನ್. ನೋಡಿದ ಕೂಡಲೇ ಮಗು ಎಂದು ತಿಳಿಯುವಂತಿದ್ದರೆ ಸಮಿತಿ ಹಾಗೆಂದು ದಾಖಲಿಸಿ ಮುಂದುವರಿಯುತ್ತದೆ. ಅನುಮಾನವಿದ್ದರೆ ಮೊದಲು ಶಾಲೆಯ ಜನನ ದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ, ಅದೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ. ಶಾಲೆಯನ್ನು ವಿಚಾರಿಸದೆ ನೇರವಾಗಿ ಮೂಳೆ ಪರೀಕ್ಷೆಗೆ ಕಳಿಸುವುದು ತಪ್ಪು ಕ್ರಮ.

ಇನ್ನು ಊರು ಹುಡುಕುವ ಕೆಲಸ. ಏಳೆಂಟು ವರ್ಷದ ಮಗುವಿಗೆ ವಿಳಾಸ ಎಂಬುದು ಗೊತ್ತಿರುವುದಿಲ್ಲ. ಆದರೆ ಊರು ಚೆನ್ನಾಗಿ ಗೊತ್ತಿರುತ್ತದೆ. ‘ನಿಮ್ಮೂರು ಯಾವುದು?’ ಎಂದರೆ ‘ಕ್ಯಾಂಪು’, ‘ಹಟ್ಟಿ’, ‘ತಾಂಡಾ’ ಎನ್ನುತ್ತಾನೆ. ಅಲ್ಲಿಗೇ ಬಿಟ್ಟರೆ ಕೆಲಸ ನಿಂತಿತು. ಊರಿನ ಜಾತ್ರೆ ಯಾವ ದೇವರದ್ದು, ತೇರು ಇದೆಯೋ ಇಲ್ಲವೋ, ಸಂತೆ ಯಾವ ವಾರ, ಸಂತೆಗೆ ಯಾವ ಊರಿಗೆ ಹೋಗುತ್ತೀರಿ, ನಡೆದೋ ಬಸ್ಸಿನಲ್ಲೋ, ಬಸ್ಸಿನ ಬೋರ್ಡಿನ ಮೇಲೆ ಏನು ಬರೆದಿತ್ತು, ದಾರಿಯಲ್ಲಿ ಹೊಳೆ ಬರುತ್ತದೆಯೇ, ಹೊಲದಲ್ಲಿ ಏನು ಬೆಳೆ, ಶಾಲೆಯ ಪಕ್ಕ ಏನಿದೆ, ಮೇಷ್ಟ್ರ ಹೆಸರೇನು, ಬಿಸಿಯೂಟ ಮಾಡುವ ಅಕ್ಕನ ಹೆಸರೇನು ಎಂದು ಕೇಳುತ್ತಾ ಹೋಗುತ್ತೇವೆ. ಒಂದೇ ಕೂರಿಕೆಯಲ್ಲಿ ಅಲ್ಲ; ಆಟದ ನಡುವೆ, ಚಿತ್ರ ಬರೆಯಿಸುತ್ತಾ, ಎರಡು ಮೂರು ದಿನ ಬಿಡಿಬಿಡಿಯಾಗಿ. ಹಾಲು ಕರೆಯುವುದಕ್ಕೆ, ಪಾತ್ರೆಗೆ, ಅಮ್ಮನಿಗೆ, ಅಜ್ಜನಿಗೆ ಮಗು ಬಳಸುವ ಮಾತು ಜಿಲ್ಲೆಯನ್ನೇ ಹೇಳಿಬಿಡುತ್ತದೆ. ‘ಯವ್ವಾ’ ಎನ್ನುವ ಮಗುವನ್ನು ಕರಾವಳಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಸಂತೆಯ ಊರು, ಸಂತೆಯ ವಾರ, ಮೇಷ್ಟ್ರ ಹೆಸರು ಈ ಮೂರು ಸಿಕ್ಕರೆ ಆ ಭಾಗದ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಫೋನ್ ಮಾಡಿ ಶಾಲೆ ಹುಡುಕಬಹುದು. ಅಂಗನವಾಡಿ ಕಾರ್ಯಕರ್ತೆ, ಆಶಾ, ಗ್ರಾಮ ಪಂಚಾಯಿತಿಯ ಪಿಡಿಒ, ಇವರಲ್ಲಿ ಒಬ್ಬರಿಗೆ ಮನೆ ಗೊತ್ತಿದ್ದೇ ಇರುತ್ತದೆ.

ಮಾತು ಬಾರದ, ಅಥವಾ ಬುದ್ಧಿ ಬೆಳವಣಿಗೆಯ ತೊಂದರೆ ಇರುವ ಮಕ್ಕಳ ವಿಷಯದಲ್ಲಿ ಆಧಾರ್ ನೆರವಿಗೆ ಬಂದದ್ದುಂಟು. ಐದು ವರ್ಷ ದಾಟಿದ ಮಗುವಿನ ಬೆರಳಚ್ಚು ಮೊದಲೇ ದಾಖಲಾಗಿದ್ದರೆ ಹೊಸ ನೋಂದಣಿ ತಿರಸ್ಕೃತವಾಗುತ್ತದೆ. ಆ ತಿರಸ್ಕಾರವೇ ಸುಳಿವು, ಹಳೆಯ ನೋಂದಣಿಯನ್ನು ಅಧಿಕೃತವಾಗಿ ವಿಚಾರಿಸಲು ದಾರಿಯಾಗುತ್ತದೆ. ಜೊತೆಗೆ ಊರಿನ ಕಡೆಯ ಠಾಣೆಗಳಲ್ಲಿ ಎಫ್‌ಐಆರ್ ಇದೆಯೇ ನೋಡಬೇಕು. ಮಗು ಕಾಣೆಯಾದ ಪ್ರತಿ ದೂರನ್ನೂ ಅಪಹರಣ ಅಥವಾ ಸಾಗಣೆ ಇರಬಹುದೆಂಬ ಊಹೆಯ ಮೇಲೆ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ.

ಪೋಷಕರು ಬಂದಾಗ ಅವರು ಯಾರೆಂದು ಖಚಿತಪಡಿಸಿಕೊಳ್ಳುವುದು ಮುಂದಿನದು. ರೇಷನ್ ಕಾರ್ಡು, ಆಧಾರ್, ಜನನ ಪ್ರಮಾಣಪತ್ರ, ತಾಯಿ ಕಾರ್ಡು, ಮಗು ಜೊತೆಗಿರುವ ಹಳೆಯ ಫೋಟೊ. ಕಾಗದ ಏನೂ ಇಲ್ಲದವರಿಗೆ ಶಾಲೆಯ ದಾಖಲಾತಿ ಪುಸ್ತಕ, ಪಂಚಾಯಿತಿಯ ಪತ್ರ. ಮಗು ಓಡಿಬಂದು ತಬ್ಬಿಕೊಂಡಿತು ಎಂಬುದು ಪುರಾವೆಯಲ್ಲ, ಹಿಂದೆ ಸರಿಯಿತು ಎಂಬುದೂ ಅಲ್ಲ. ಕೆಲಸಕ್ಕೆಂದು ಕರೆತಂದ ದಲ್ಲಾಳಿಯ ಪರಿಚಯವೂ ಮಗುವಿಗೆ ಇರುತ್ತದೆ. ಹೆತ್ತ ತಾಯಿಯ ಮುಂದೆಯೂ ಬೈಗುಳಕ್ಕೆ ಹೆದರಿ ಮಗು ಮುಖ ಮುಚ್ಚಿಕೊಳ್ಳುತ್ತದೆ. ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಕೂಲಿ ಬಿಟ್ಟು, ಸಾಲ ಮಾಡಿ ಬಸ್ ಹತ್ತಿ ಬಂದ ತಾಯಿಯನ್ನು ‘ಮಗೂನ ನೋಡ್ಕೊಳ್ಳೋಕಾಗಲ್ವಾ ನಿಂಗೆ?’ ಎಂದು ಗದರಿಸುವವರಿದ್ದಾರೆ. ಹಾಗೆ ಗದರಿಸಿಕೊಂಡವರು ಆಮೇಲೆ ನಿಜ ಹೇಳುವುದಿಲ್ಲ. ‘ಬನ್ನಿ ಅಮ್ಮ, ಕೂತ್ಕೊಳ್ಳಿ, ಮೊದಲು ನೀರು ಕುಡೀರಿ’ ಎಂದು ಶುರು ಮಾಡಿದರೆ ಗಂಡನ ಕುಡಿತ, ಮನೆಯ ಸಾಲ, ಮೈದುನನ ಕಾಟ ಎಲ್ಲವೂ ತಾನಾಗಿ ಹೊರಗೆ ಬರುತ್ತವೆ. ನಮಗೆ ಬೇಕಾದದ್ದು ಅದು.

ಎಲ್ಲಕ್ಕಿಂತ ಮುಖ್ಯ ಘಟ್ಟ ಸಾಮಾಜಿಕ ತನಿಖಾ ವರದಿ. ಕೇಂದ್ರದ ಮಾದರಿ ನಿಯಮಗಳಲ್ಲಿ ಇದು ನಮೂನೆ 22. ಸಮಿತಿ ಕೇಳಿದ 15 ದಿನಗಳಲ್ಲಿ ಮುಗಿಯಬೇಕು, ಮೊದಲ ಹಾಜರಾತಿಯಿಂದ ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ಬರುವಂತಾಗಬೇಕು. ವರದಿ ಬರೆಯುವವರು ಮಗುವಿನ ಮನೆಗೆ ಹೋಗಿ ನೋಡಿರಬೇಕು. ಫೋನಿನಲ್ಲಿ ವಿಚಾರಿಸಿ, ಹಳೆಯ ವರದಿಯ ವಾಕ್ಯಗಳನ್ನೇ ಎತ್ತಿ ‘ಕುಟುಂಬದ ವಾತಾವರಣ ಉತ್ತಮವಾಗಿದೆ, ಮಗುವನ್ನು ಪೋಷಕರಿಗೆ ಒಪ್ಪಿಸಬಹುದು’ ಎಂದು ಬರೆದ ವರದಿಯನ್ನು ಒಂದೇ ನೋಟದಲ್ಲಿ ಗುರುತಿಸಬಹುದು: ಅದರಲ್ಲಿ ಮನೆ ಕಾಣಿಸುವುದಿಲ್ಲ. ಎಷ್ಟು ಕೋಣೆ, ಯಾರು ಯಾರು ಇದ್ದಾರೆ ಎಂಬ ಲೆಕ್ಕ ಇರುತ್ತದೆ, ಮಗು ಎಲ್ಲಿ ಮಲಗುತ್ತಿತ್ತು ಎಂಬುದು ಇರುವುದಿಲ್ಲ.

ಮಲಗುವ ಜಾಗ ನಾವು ನೋಡುವ ಮೊದಲ ಸಂಗತಿ. ಪಕ್ಕದಲ್ಲಿ ಯಾರು ಮಲಗುತ್ತಾರೆ, ಆ ಕಡೆ ಬಾಗಿಲಿಗೆ ಚಿಲಕ ಇದೆಯೇ, ಶೌಚಕ್ಕೆ ರಾತ್ರಿ ಎಷ್ಟು ದೂರ ಹೋಗಬೇಕು, ಜೊತೆಗೆ ಯಾರು ಹೋಗುತ್ತಾರೆ. ಎರಡನೆಯದು ಮಗುವಿನ ವಸ್ತುಗಳು: ಪುಸ್ತಕದ ಚೀಲ, ಒಂದು ಜೊತೆ ಬಟ್ಟೆ, ಚಪ್ಪಲಿ ಇನ್ನೂ ಇವೆಯೇ, ಅಥವಾ ಮಗು ಹೋದ ಮೇಲೆ ಬೇರೆಯವರಿಗೆ ಕೊಟ್ಟುಬಿಟ್ಟಿದ್ದಾರೆಯೇ. ಕೂಲಿಗೆ ಹೋದವರು ಮನೆಗೆ ಬರುವ ಸಂಜೆ ಹೊತ್ತಿಗೆ ಹೋಗುತ್ತೇವೆ; ಹಗಲು ಹೋದರೆ ಅಜ್ಜಿಯೊಬ್ಬರೇ ಸಿಗುತ್ತಾರೆ. ಮುಂಚೆ ಹೇಳಿ ಒಂದು ಸಲ, ಹೇಳದೆ ಇನ್ನೊಂದು ಸಲ. ಕಡತ ಚೀಲದಲ್ಲೇ ಇರಬೇಕು. ತೆರೆದು ಬರೆಯಲು ಶುರು ಮಾಡಿದರೆ ಇಡೀ ಬೀದಿ ಸೇರುತ್ತದೆ, ಆಮೇಲೆ ಊರಿನಲ್ಲಿ ಮಗು ಬದುಕುವುದು ಕಷ್ಟ. ನೆರೆಯವರನ್ನು ಕೇಳುವಾಗಲೂ ಮಗು ಎಲ್ಲಿ ಸಿಕ್ಕಿತು, ಏನಾಗಿತ್ತು ಎಂದು ಬಾಯಿ ಬಿಡಬಾರದು.

ಮನೆಯಿಂದ ನೇರ ಶಾಲೆಗೆ. ಹಾಜರಿ ಪುಸ್ತಕ ಬೇಡುತ್ತೇವೆ. ಮನೆಯವರು ‘ಹೋದ ತಿಂಗಳವರೆಗೂ ಚೆನ್ನಾಗಿಯೇ ಇದ್ದ, ಯಾರೋ ಗೆಳೆಯರ ಮಾತು ಕೇಳಿ ಹೋದ’ ಎನ್ನುತ್ತಾರೆ. ಹಾಜರಿ ಪುಸ್ತಕದಲ್ಲಿ ಅದಕ್ಕೂ ಎಷ್ಟೋ ಮೊದಲೇ ಸೋಮವಾರಗಳು ಖಾಲಿಯಾಗತೊಡಗಿರುತ್ತವೆ, ಆಮೇಲೆ ವಾರಗಟ್ಟಲೆ ಗೈರುಹಾಜರಿ. ಆ ಮೊದಲ ಖಾಲಿ ದಿನದ ಸುತ್ತ ಮನೆಯಲ್ಲಿ ಏನಾಯಿತು ಎಂದು ವಿಚಾರಿಸಿದರೆ ಕಾರಣ ಸಿಗುತ್ತದೆ: ತಾಯಿ ಆಸ್ಪತ್ರೆ ಸೇರಿದ್ದು, ಮಲತಂದೆ ಮನೆಗೆ ಬಂದದ್ದು, ತಮ್ಮ ಹುಟ್ಟಿದ ಮೇಲೆ ಅವನನ್ನು ನೋಡಿಕೊಳ್ಳಲು ಅಕ್ಕನನ್ನು ಶಾಲೆ ಬಿಡಿಸಿದ್ದು, ಇಟ್ಟಿಗೆ ಗೂಡಿನವರಿಂದ ಮುಂಗಡ ತಂದದ್ದು. ಮುಂಗಡದ ವಿಷಯ ತೀರಾ ಗಂಭೀರ. ಮಗುವಿನ ದುಡಿಮೆಯ ಮೇಲೆ ಹಣ ಪಡೆದಿದ್ದರೆ ಮನೆಗೆ ಕಳಿಸುವುದೆಂದರೆ ಮತ್ತೆ ಗೂಡಿಗೇ ಕಳಿಸಿದ ಹಾಗೆ. ಜೀತ ಪದ್ಧತಿ ರದ್ದತಿ ಕಾಯ್ದೆ, 1976ರಡಿ ಉಪವಿಭಾಗಾಧಿಕಾರಿಗೆ ದೂರು ಹೋಗಿ ಆ ಸಾಲದ ಗಂಟು ಬಿಚ್ಚುವವರೆಗೆ ಒಪ್ಪಿಸುವ ಶಿಫಾರಸು ನಾವು ಬರೆಯುವುದಿಲ್ಲ.

ಮಗುವಿನ ಅಭಿಪ್ರಾಯ ಕೇಳಬೇಕೆಂಬುದು ಕಾಯ್ದೆಯ ಮಾತು. ‘ಮನೆಗೆ ಹೋಗ್ತೀಯಾ ಪುಟ್ಟ?’ ಎಂದು ಕೇಳಿ ‘ಹೂಂ’ ಎಂದ ಕೂಡಲೇ ಬರೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ಬಾಲಮಂದಿರದಿಂದ ಹೊರಬಿದ್ದರೆ ಸಾಕು ಎಂದಿರುವ ಮಗು ಯಾವುದಕ್ಕೂ ಹೂಂ ಎನ್ನುತ್ತದೆ. ಶಾಲೆಯಿಂದ ಬಂದ ಮೇಲೆ ಏನು ಮಾಡುತ್ತಿದ್ದೆ, ಅಪ್ಪ ಬರುವ ಹೊತ್ತಿಗೆ ನೀನು ಎಲ್ಲಿರುತ್ತಿದ್ದೆ, ಹೆದರಿಕೆಯಾದರೆ ಯಾರ ಮನೆಗೆ ಹೋಗುತ್ತಿದ್ದೆ, ಏನು ಬದಲಾದರೆ ಅಲ್ಲಿ ಇರಬಹುದು? ಇವಕ್ಕೆ ಮಗು ಕೊಡುವ ಉತ್ತರದಲ್ಲಿ ಯೋಜನೆಯೇ ಇರುತ್ತದೆ. ‘ಹೆದರಿಕೆಯಾದರೆ ದೊಡ್ಡಮ್ಮನ ಮನೆಗೆ’ ಎಂದರೆ ಆ ದೊಡ್ಡಮ್ಮನನ್ನು ನಾವು ಕಾಣಲೇಬೇಕು.

ಈ ನಡುವೆ ಮಗು ಸಂಸ್ಥೆಯಲ್ಲಿರುತ್ತದೆ. ಬಂದ 24 ಗಂಟೆಯೊಳಗೆ ವೈದ್ಯಕೀಯ ತಪಾಸಣೆ, ಆಮೇಲೆ ನಮೂನೆ 7ರಲ್ಲಿ ವೈಯಕ್ತಿಕ ಪಾಲನಾ ಯೋಜನೆ. 6ರಿಂದ 10, 11ರಿಂದ 15, 16ರಿಂದ 18 ಎಂದು ಮೂರು ವಯೋಮಾನದ ಮಕ್ಕಳ ಸಮಿತಿಗಳು ಇರಬೇಕು, ಸಲಹಾ ಪೆಟ್ಟಿಗೆಯನ್ನು ಪ್ರತಿ ವಾರ ತೆರೆಯಬೇಕು. ಪೆಟ್ಟಿಗೆ ಅಧೀಕ್ಷಕರ ಕೋಣೆಯ ಬಾಗಿಲಲ್ಲಿ ಇದ್ದರೆ ಅದರಲ್ಲಿ ಯಾರೂ ಚೀಟಿ ಹಾಕುವುದಿಲ್ಲ. ಶೌಚಾಲಯದ ದಾರಿಯಲ್ಲೋ ಮಲಗುವ ಕೋಣೆಯ ಬಳಿಯೋ, ಯಾರ ಕಣ್ಣಿಗೂ ಬೀಳದೆ ಕೈ ಹಾಕುವಂಥ ಕಡೆ ಇರಬೇಕು. ಪರಿಶೀಲನಾ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಭೇಟಿ ಕೊಡಬೇಕೆಂದಿದೆ. ಬಂದವರು ರಿಜಿಸ್ಟರ್ ನೋಡುವ ಹೊತ್ತಿನಲ್ಲಿ ಅರ್ಧವನ್ನಾದರೂ ಸಿಬ್ಬಂದಿ ಇಲ್ಲದ ಕಡೆ ಮಕ್ಕಳ ಜೊತೆ ಕಳೆದರೆ ಗೊತ್ತಾಗಬೇಕಾದದ್ದು ಗೊತ್ತಾಗುತ್ತದೆ.

ಬೇರೆ ಜಿಲ್ಲೆ ಅಥವಾ ರಾಜ್ಯದ ಮಗುವಾದರೆ ಆ ಕಡೆಯ ಸಮಿತಿಯಿಂದ ಮನೆಯ ವರದಿ ತರಿಸಿ, 95ನೇ ಸೆಕ್ಷನ್ನಿನಡಿ ವರ್ಗಾವಣೆ ಆದೇಶ ಮಾಡಬೇಕು. ಹೆಣ್ಣುಮಗುವಿನ ಜೊತೆ ಮಹಿಳಾ ಪೊಲೀಸ್ ಸಿಬ್ಬಂದಿ ಹೋಗಬೇಕು. ತಡವಾಗುವುದು ಹೆಚ್ಚಾಗಿ ಇಲ್ಲೇ: ಪತ್ರ ಹೋಗಿರುತ್ತದೆ, ಉತ್ತರ ಬರುವುದಿಲ್ಲ, ಬೆಂಗಾವಲಿಗೆ ಸಿಬ್ಬಂದಿ ಸಿಗುವುದಿಲ್ಲ. ಮಗು ಮಾತ್ರ ದಿನಾ ಬೆಳಿಗ್ಗೆ ‘ಇವತ್ತು ಹೋಗ್ತೀವಾ ಅಕ್ಕಾ?’ ಎಂದು ಕೇಳುತ್ತದೆ. ಪತ್ರ ಕಳಿಸಿದ ಮೇಲೆ ಆ ಜಿಲ್ಲೆಯ ಘಟಕದ ಒಬ್ಬರ ಹೆಸರು, ನಂಬರ್ ಹಿಡಿದು ಬೆನ್ನು ಹತ್ತುವುದೊಂದೇ ಉಪಾಯ. ಮತ್ತೆ, ಗೊತ್ತಿಲ್ಲದ ದಿನಾಂಕವನ್ನು ಮಗುವಿಗೆ ಎಂದೂ ಹೇಳಬಾರದು.

ಅಂತಿಮ ಆದೇಶಕ್ಕೆ ಕನಿಷ್ಠ ಮೂವರು ಸದಸ್ಯರಿರಬೇಕು. ಮನೆಗೆ ಒಪ್ಪಿಸುವುದಾದರೆ ಬರೀ ಮುಚ್ಚಳಿಕೆಯ ಮೇಲೆ ಒಪ್ಪಿಸಬಾರದೆಂದು ನಾವು ಪಟ್ಟು ಹಿಡಿಯುತ್ತೇವೆ. ಬಡತನವೇ ಕಾರಣವಾಗಿದ್ದರೆ ಅದೇ ಆದೇಶದಲ್ಲಿ ಪ್ರಾಯೋಜಕತ್ವ, ಅಂದರೆ ಮಗುವನ್ನು ಮನೆಯಲ್ಲೇ ಸಾಕಲು ಕುಟುಂಬಕ್ಕೆ ಕೊಡುವ ಹಣದ ನೆರವು, ಬರಬೇಕು. ಮಿಷನ್ ವಾತ್ಸಲ್ಯದ ಮಾರ್ಗಸೂಚಿಯಂತೆ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ನಗರದಲ್ಲಿ 96,000 ಮೀರಿರಬಾರದು. ಗಂಡ ತೀರಿಕೊಂಡ ಅಥವಾ ಬಿಟ್ಟುಹೋದ ತಾಯಂದಿರ ಮಕ್ಕಳು, ಬಂಧುಗಳ ಮನೆಯಲ್ಲಿರುವ ಅನಾಥ ಮಕ್ಕಳು, ಪೋಷಕರು ಗಂಭೀರ ಕಾಯಿಲೆಯಲ್ಲಿರುವ ಮಕ್ಕಳು ಇದರ ವ್ಯಾಪ್ತಿಗೆ ಬರುತ್ತಾರೆ. ಅರ್ಜಿ ನಿಲ್ಲುವುದು ಅರ್ಹತೆಯ ಪ್ರಶ್ನೆಗಿಂತ ಕಾಗದದಲ್ಲಿ. ನಾಡಕಚೇರಿಯ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ, ಆಧಾರ್‌ನಲ್ಲಿ ಒಂದು ಹೆಸರು ಶಾಲೆಯಲ್ಲಿ ಇನ್ನೊಂದು ಇರುತ್ತದೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ಮನೆ ಭೇಟಿಯ ದಿನವೇ ಈ ಮೂರನ್ನೂ ನೋಡಿ ಸರಿಪಡಿಸಲು ಹಚ್ಚಿದರೆ ತಿಂಗಳುಗಳು ಉಳಿಯುತ್ತವೆ.

ಮನೆ ಸುರಕ್ಷಿತವಲ್ಲ ಎಂದಾದರೆ ಬಂಧುಗಳು, ಅರ್ಹ ವ್ಯಕ್ತಿ, ಪೋಷಕತ್ವ ಕುಟುಂಬ (ದತ್ತು ಪಡೆಯದೆ ಮಗುವನ್ನು ಸಾಕುವ ಬೇರೆ ಕುಟುಂಬ), ಕೊನೆಗೆ ಬಾಲಮಂದಿರ, ಇದೇ ಕ್ರಮದಲ್ಲಿ ಯೋಚಿಸಬೇಕು. ಯಾರೂ ಇಲ್ಲವೆಂದು ಖಚಿತವಾದ ಮಗುವನ್ನು ಎರಡು ವರ್ಷದೊಳಗಿನದಾದರೆ ಎರಡು ತಿಂಗಳಲ್ಲಿ, ದೊಡ್ಡದಾದರೆ ನಾಲ್ಕು ತಿಂಗಳಲ್ಲಿ ದತ್ತು ಕೊಡಲು ಕಾನೂನಿನಡಿ ಮುಕ್ತ ಎಂದು ಘೋಷಿಸಬೇಕು. ದತ್ತು ಆದೇಶವನ್ನು 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿ ಮಾಡುತ್ತಾರೆ. ಸಂಸ್ಥೆಯಲ್ಲೇ 18 ತುಂಬಿದವರಿಗೆ 21ರವರೆಗೆ ಅನುಪಾಲನೆಯ, ಅಂದರೆ ಸಂಸ್ಥೆ ಬಿಟ್ಟ ಮೇಲಿನ ನೆರವಿನ, ಅವಕಾಶವಿದೆ. ಅದರ ತಯಾರಿ ಹದಿನಾರಕ್ಕೇ ಶುರುವಾಗಬೇಕು.

ಒಪ್ಪಿಸುವ ದಿನ ಮಗುವಿನ ಕೈಯಲ್ಲಿ ಏನೇನಿರಬೇಕೆಂದು ನಮ್ಮದೊಂದು ಕ್ರಮವಿದೆ: ಆದೇಶದ ಪ್ರತಿ, ಔಷಧ ಮತ್ತು ತಪಾಸಣೆಯ ಚೀಟಿ, ಸಂಸ್ಥೆಯಲ್ಲಿದ್ದಾಗ ಕಲಿತ ಶಾಲೆಯ ಪತ್ರ, ಮಗುವಿನದೇ ಬಟ್ಟೆ ಮತ್ತು ವಸ್ತುಗಳು, ದಪ್ಪ ಅಕ್ಷರದಲ್ಲಿ 1098 ಹಾಗೂ ನಮ್ಮ ಒಬ್ಬರ ನಂಬರ್. ಶಾಲೆಗೆ ಮರುದಿನವೇ ಸೇರಿಸಬೇಕು. ಟಿಸಿ ತಡವಾಯಿತೆಂದೋ ವಯಸ್ಸಿನ ದಾಖಲೆ ಇಲ್ಲವೆಂದೋ 6ರಿಂದ 14ರ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆ, 2009ರಲ್ಲಿ ಸ್ಪಷ್ಟವಾಗಿದೆ. ಮುಖ್ಯ ಶಿಕ್ಷಕರಿಗೆ ನಾವು ಹೇಳುವುದು ಮಗು ಇಷ್ಟು ದಿನ ಊರಲ್ಲಿರಲಿಲ್ಲ ಎಂಬಷ್ಟನ್ನೇ.

ಮೊದಲ ಭೇಟಿ ಹದಿನೈದು ದಿನದೊಳಗೆ, ಆಮೇಲೆ ತಿಂಗಳಿಗೊಮ್ಮೆ, ನೆಲೆ ನಿಂತಿತು ಎನಿಸಿದ ಮೇಲೆ ಮೂರು ತಿಂಗಳಿಗೊಮ್ಮೆ. ಪ್ರತಿ ಸಲವೂ ಮಗುವಿನ ಜೊತೆ ಮನೆಯವರಿಲ್ಲದೆ ಸ್ವಲ್ಪ ಹೊತ್ತು, ಆಮೇಲೆ ಹಾಜರಿ ಪುಸ್ತಕ. ಹಾಜರಿ ಮತ್ತೆ ಬಿಟ್ಟುಬಿಟ್ಟು ಬರತೊಡಗಿದರೆ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯದೆ ಅದೇ ವಾರ ಮನೆಗೆ ಹೋಗುತ್ತೇವೆ. ಇಷ್ಟಾದರೂ ಮಗು ಮತ್ತೆ ಹೊರಟು ಇನ್ನೊಂದು ನಿಲ್ದಾಣದಲ್ಲಿ ಸಿಕ್ಕಿತೆಂದು ಕರೆ ಬಂದರೆ ಹೊಸ ನಮೂನೆ 17ರ ಜೊತೆ ಹಳೆಯ ಕಡತವನ್ನೂ ಸಮಿತಿಯ ಮುಂದಿಡಬೇಕು. ಮಗುವನ್ನು ‘ಮತ್ತೆ ಯಾಕೆ ಬಂದೆ?’ ಎಂದು ಕೇಳುವ ಮೊದಲು, ಹಿಂದಿನ ಆದೇಶದಲ್ಲಿ ಮನೆಯವರಿಗೂ ಇಲಾಖೆಗೂ ಹೇಳಿದ್ದರಲ್ಲಿ ಯಾವುದು ನಡೆಯಲಿಲ್ಲ ಎಂದು ಸಾಲು ಸಾಲಾಗಿ ಗುರುತು ಹಾಕಿಕೊಂಡು ಆ ಮನೆಗೆ ಮತ್ತೆ ಹೋಗಬೇಕು.